ಗಂಜಿ ಹಾಕಿದ ಗಂಟು

ಮಗುವನ್ನು ಮೈಗೆ ಕಟ್ಟಿಕೊಂಡು ಕೆಲಸ ಮಾಡುವುದು ಅಪರಾಧ ಎಂಬ ಸುತ್ತೋಲೆಯನ್ನು ಟೈಪು ಮಾಡಿದವನು ನಾನು. ಮಗುವನ್ನು ಮೈಗೆ ಕಟ್ಟಿಕೊಳ್ಳುವುದು ತಾಯ್ತನದ ಶಿಖರ ಎಂಬ ಕರಪತ್ರವನ್ನು ಟೈಪು ಮಾಡಿದವನೂ ನಾನೇ. ಎರಡರ ನಡುವೆ ಇದ್ದದ್ದು ಆರು ವಾರ. ಕಂಪ್ಯೂಟರು ಒಂದೇ, ಕುರ್ಚಿ ಒಂದೇ, ಕೆಳಗಿನ ಸಹಿಯೂ ಒಂದೇ. ಸಹಿ ಹಾಕಿದವರ ಕೈ ನಡುಗಲಿಲ್ಲ. ಟೈಪು ಮಾಡಿದವನ ಕೈಯೂ ನಡುಗಲಿಲ್ಲ. ಮೊದಲನೆಯದನ್ನು ಅಹಂಕಾರ ಎನ್ನಬಹುದು. ಎರಡನೆಯದಕ್ಕೆ ಏನೆನ್ನಬೇಕೆಂದು ನನಗೆ ಗೊತ್ತಿದೆ, ಹೇಳಲು ನಾಚಿಕೆಯಾಗುತ್ತದೆ.

ನಮ್ಮದು ಹೆರಿಗೆ ಆಸ್ಪತ್ರೆ. ನಾಲ್ಕು ಅಂತಸ್ತು. ಬಾಗಿಲಲ್ಲೇ ಗೋಡೆಯ ತುಂಬ ನಗುವ ತಾಯಿಯೊಬ್ಬಳ ಚಿತ್ರ, ಅದರ ಕೆಳಗೆ ‘ತಾಯಿಯೇ ನಮ್ಮ ದೈವ’ ಎಂಬ ಬರಹ. ಈ ದೈವಗಳು ಮಲಗುವ ಚಾದರಗಳು ರಕ್ತ, ನೀರು, ಹಾಲು ಎಲ್ಲವನ್ನೂ ಹೊತ್ತು ತಳ್ಳುಗಾಡಿಯಲ್ಲಿ ನೆಲಮಾಳಿಗೆಗೆ ಇಳಿಯುತ್ತವೆ. ಅಲ್ಲಿ ಎಂಟು ಹೆಂಗಸರಿದ್ದಾರೆ. ಅವರಲ್ಲಿಯೂ ಏಳು ಮಂದಿ ಹೆತ್ತವರೇ. ಆದರೆ ಬಾಗಿಲಿನ ಬರಹ ನೆಲಮಾಳಿಗೆಗೆ ಅನ್ವಯಿಸುವುದಿಲ್ಲ. ಹಾಗೆಂದು ಯಾರೂ ಬರೆದಿಟ್ಟಿಲ್ಲ. ಬರೆಯುವ ಅಗತ್ಯ ಬಿದ್ದಿಲ್ಲ.

ಆ ಎಂಟರಲ್ಲಿ ಒಬ್ಬಳನ್ನು ಎಲ್ಲರೂ ಗಂಟಿನವಳು ಎನ್ನುತ್ತಿದ್ದರು. ಹೆತ್ತ ಎರಡು ತಿಂಗಳಿಗೇ ಕೆಲಸಕ್ಕೆ ಮರಳಿದವಳು. ಗಂಡ ಲಾರಿ ಚಾಲಕ. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿರುವ ಪ್ರಾಣಿ. ತಾಯಿ ತೀರಿಕೊಂಡಿದ್ದಳು. ಆ ತಾಯಿ ಬಿಟ್ಟುಹೋದ ಆಸ್ತಿ ಎಂದರೆ ಒಂದು ಬಟ್ಟೆ. ಮೊಳ ಅಗಲದ ಚೌಕ, ನಾಲ್ಕು ಮೂಲೆಗೂ ಉದ್ದನೆಯ ಒಂದೊಂದು ಪಟ್ಟಿ. ಮಗುವನ್ನು ಬೆನ್ನಿಗೆ ಏರಿಸಿ, ಕೆಳಗಿನ ಎರಡು ಪಟ್ಟಿಗಳನ್ನು ಸೊಂಟಕ್ಕೆ ಬಿಗಿದು, ಮೇಲಿನ ಎರಡನ್ನು ಹೆಗಲ ಮೇಲಿಂದ ಎಳೆದು, ಎದೆಯ ಮೇಲೆ ಅಡ್ಡ ಹಾಯಿಸಿ, ಹಿಂದಕ್ಕೊಯ್ದು ಮಗುವಿನ ತೊಡೆಯಡಿ ತಂದು, ಮುಂದೆ ಗಂಟು. ಎಣಿಸುತ್ತ ಕೂತರೆ ಇಪ್ಪತ್ತು ಎಣಿಸುವಷ್ಟರಲ್ಲಿ ಮುಗಿಯುತ್ತಿತ್ತು. ಒಗೆದು ಒಗೆದು ಆ ಬಟ್ಟೆಯ ಬಣ್ಣ ಯಾವುದೆಂದು ಹೇಳುವುದೇ ಕಷ್ಟವಾಗಿತ್ತು. ನೂಲು ಮಾತ್ರ ಮೆತ್ತಗಾಗಿ, ಗಂಟು ಹಾಕಿದರೆ ಕಚ್ಚಿಕೊಳ್ಳುತ್ತಿತ್ತು.

ಹೀಗೆ ಕಟ್ಟಿಕೊಂಡು ಅವಳು ಒದ್ದೆ ಚಾದರಗಳನ್ನು ಯಂತ್ರದಿಂದ ಎಳೆಯುತ್ತಿದ್ದಳು. ಒದ್ದೆ ಚಾದರದ ಭಾರ ಎಳೆದವರಿಗೇ ಗೊತ್ತು. ಬಗ್ಗಿ, ಎಳೆದು, ಎತ್ತಿ, ಗಂಜಿಯ ಬಾನಿಗೆ ಅದ್ದಿ, ಹಿಂಡಿ, ತಂತಿಗೆ ಎಸೆಯಬೇಕು. ಬೆನ್ನ ಮೇಲೆ ಮಗು, ಕೈಯಲ್ಲಿ ಊರಿನ ಮಕ್ಕಳೆಲ್ಲ ಹುಟ್ಟಿದ ಹಾಸು. ಹಸಿವಾದರೆ ಮಗು ಅವಳ ಕುತ್ತಿಗೆಗೆ ಮೂಗು ಉಜ್ಜುತ್ತಿತ್ತು. ಅವಳು ಗಂಟು ಸಡಿಲಿಸಿ, ಮಗುವನ್ನು ಪಕ್ಕದಿಂದ ಮುಂದಕ್ಕೆ ಜಾರಿಸಿ, ಮೊಲೆಗೆ ಹಚ್ಚಿ, ಒಂದು ಕೈಯಲ್ಲಿ ದಿಂಬಿನ ಚೀಲಗಳನ್ನು ಮಡಚುತ್ತಿದ್ದಳು. ಉಳಿದವರಿಗಿಂತ ಒಂದು ಚಾದರವೂ ಕಡಿಮೆ ಒಗೆದಿರಲಿಲ್ಲ.

ಒಂದು ದಿನ ದೊಡ್ಡ ಡಾಕ್ಟರಮ್ಮ, ಎಂದರೆ ಆಸ್ಪತ್ರೆಯ ಒಡತಿ, ಯಾರೋ ಅತಿಥಿಗಳಿಗೆ ಹೊಸ ಒಗೆಯುವ ಯಂತ್ರ ತೋರಿಸಲು ಕೆಳಗಿಳಿದರು. ಅತಿಥಿಗಳು ಯಂತ್ರ ನೋಡುವುದನ್ನು ಬಿಟ್ಟು ಮಗುವನ್ನು ನೋಡಿದರು. ಮಗು ಅವರನ್ನು ನೋಡಿ ಆಕಳಿಸಿತು. ತಪ್ಪು ಅಲ್ಲಿಗೆ ಪೂರ್ತಿಯಾಯಿತು.

“ಇದೇನು ಆಸ್ಪತ್ರೆನೋ, ಸಂತೆನೋ?” ಎಂದು ಡಾಕ್ಟರಮ್ಮ ಮೇಲ್ವಿಚಾರಕನನ್ನು ಕೇಳಿದರು. ಅವನ ಪ್ಯಾಂಟಿನ ಗೆರೆ ಸೇಬು ಕೊಯ್ಯುವಷ್ಟು ಚೂಪು. ನೆಲಮಾಳಿಗೆಯ ಹೆಂಗಸರು ಅವನಿಗೆ ಇಸ್ತ್ರಿ ಸಾಹೇಬ ಎಂದು ಹೆಸರಿಟ್ಟಿದ್ದರು.

ಸಂಜೆಯೊಳಗೆ ಸುತ್ತೋಲೆ ಹೊರಟಿತು. “ಶುಚಿತ್ವ, ಶಿಸ್ತು ಹಾಗೂ ಸಂಸ್ಥೆಯ ಘನತೆಯ ದೃಷ್ಟಿಯಿಂದ, ನೌಕರರು ಕೆಲಸದ ವೇಳೆ ಮಕ್ಕಳನ್ನು ಮೈಗೆ ಕಟ್ಟಿಕೊಳ್ಳತಕ್ಕದ್ದಲ್ಲ.” ‘ತಕ್ಕದ್ದಲ್ಲ’ ಎಂಬ ಪದವನ್ನು ಸೇರಿಸಿದವನು ನಾನು. ಡಾಕ್ಟರಮ್ಮ ‘ಬಾರದು’ ಎಂದಷ್ಟೇ ಹೇಳಿದ್ದರು. ನನ್ನ ವ್ಯಾಕರಣವನ್ನು ಅವರು ಮೆಚ್ಚಿದರು.

ಗಂಟಿನವಳು ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡಳು. ಮಗುವನ್ನು ಬುಟ್ಟಿಯಲ್ಲಿ ಮಲಗಿಸಿ, ಇಸ್ತ್ರಿ ಮೇಜುಗಳ ಪಕ್ಕದ ಓಣಿಯಲ್ಲಿಟ್ಟಳು. ಮಗು ಅತ್ತಾಗ ಓಡಿಹೋಗುವಂತಿಲ್ಲ. ಬಿಡುವಿಗೆ ಗಂಟೆ ಹೊಡೆಯಬೇಕು. ಎದೆಯ ಮುಂದೆ ನೀಲಿ ಅಂಗಿ ಒದ್ದೆಯಾಗುತ್ತಿತ್ತು. “ಅಂಗಿ ಬದಲಾಯ್ಸು, ಗಲೀಜಾಗಿದೆ” ಎಂದು ಇಸ್ತ್ರಿ ಸಾಹೇಬ ಮೂಗು ಮುಚ್ಚಿಕೊಂಡ. ಹಾಲನ್ನು ಗಲೀಜು ಎಂದವನ ಜೇಬಿನ ಮೇಲೆ ನಗುವ ತಾಯಿಯ ಚಿಹ್ನೆ ಹೊಲಿದಿತ್ತು.

ನಾಲ್ಕನೆಯ ವಾರ ಆಗಬೇಕಾದದ್ದು ಆಯಿತು. ವಾರ್ಡಿನಿಂದ ಬಂದ ಆಳು ತಳ್ಳುಗಾಡಿಯನ್ನು ಓಣಿಯಲ್ಲಿ ಬೋರಲು ಮಾಡಿ, ತಿರುಗಿ ನೋಡದೆ ಹೋದ. ಅವನಿಗೆ ಬುಟ್ಟಿ ಎಂದರೆ ಕೊಳೆಬಟ್ಟೆ ಹಾಕುವ ಬುಟ್ಟಿ. ಮೂವತ್ತು ಚಾದರಗಳು ಮಗುವಿನ ಮೇಲೆ ಬಿದ್ದವು. ಅಳು ಕೇಳಿಸಲಿಲ್ಲ. ಅಳು ನಿಂತದ್ದು ಕೇಳಿಸಿದ್ದು ಇಸ್ತ್ರಿ ಮಾಡುವ ಅಜ್ಜಿಗೆ. ನೆಲಮಾಳಿಗೆಗೆಲ್ಲ ಹಿರಿಯಳಾದ ಆಕೆ ಇಸ್ತ್ರಿಪೆಟ್ಟಿಗೆಯನ್ನು ಹಾಗೇ ಬಿಟ್ಟು ಓಡಿ, ಎರಡೂ ಕೈಯಿಂದ ರಾಶಿ ಬಗೆದು ಮಗುವನ್ನು ತೆಗೆದಳು. ಮುಖ ಕಡುಗೆಂಪಾಗಿತ್ತು. ಉಸಿರಿತ್ತು. ಕೆನ್ನೆಯ ಮೇಲೆ ಬೇರೆ ಯಾವಳದೋ ರಕ್ತವಿತ್ತು.

ಮೇಜಿನ ಮೇಲೆ ಚಾದರವೊಂದು ಸುಟ್ಟಿತ್ತು. ಇಸ್ತ್ರಿ ಸಾಹೇಬ ಮೊದಲು ಅದನ್ನು ನೋಡಿದ. ಆಮೇಲೆ ಮಗುವನ್ನು ನೋಡಿದ.

“ಇದಕ್ಕೇ ಕಣಮ್ಮಾ ಹೇಳೋದು, ಮಗುನ ಕೆಲಸಕ್ಕೆ ತರಬಾರ್ದು ಅಂತ. ಈಗ ಏನಾದ್ರೂ ಆಗಿದ್ರೆ ಆಸ್ಪತ್ರೆ ಹೆಸರು ಏನಾಗ್ಬೇಕಿತ್ತು?”

“ಬೆನ್ನ ಮೇಲಿದ್ದಾಗ ಏನೂ ಆಗಿರ್ಲಿಲ್ಲ ಸಾರ್” ಎಂದಳು ಅವಳು.

“ಎದುರು ಮಾತಾಡ್ಬೇಡ.”

“ಎದುರಲ್ಲ ಸಾರ್. ಲೆಕ್ಕ ಹೇಳ್ದೆ.”

ಸುಟ್ಟ ಚಾದರಕ್ಕೆ ಅಜ್ಜಿಯಿಂದ ವಿವರಣೆ ಕೇಳುವ ಪತ್ರ ಟೈಪು ಮಾಡಿದೆ. ಮಗುವಿಗೆ ಸಂಬಂಧಿಸಿದಂತೆ ಯಾವ ಪತ್ರವೂ ಇರಲಿಲ್ಲ.

ಅನಂತರ ಬಂತು ಕರಪತ್ರ. ದೊಡ್ಡ ಡಾಕ್ಟರಮ್ಮ ಎಲ್ಲೋ ಸಮ್ಮೇಳನಕ್ಕೆ ಹೋಗಿ, ಮಗು ತಾಯಿಯ ಮೈಗೆ ಅಂಟಿಕೊಂಡಿದ್ದರೆ ಒಳ್ಳೆಯದು ಎಂಬ ಮಹಾಸತ್ಯವನ್ನು ಕಲಿತು ಬಂದಿದ್ದರು. ಇದನ್ನು ತಿಳಿಯಲು ಅವರು ವಿಮಾನ ಹತ್ತಬೇಕಾಯಿತು. ಮೂವತ್ತು ಮೆಟ್ಟಿಲು ಇಳಿದಿದ್ದರೂ ಸಾಕಿತ್ತು. “ನಮ್ಮ ಹಿರಿಯರ ಜ್ಞಾನ, ನಿಮ್ಮ ಮಗುವಿನ ಹಕ್ಕು: ಬಟ್ಟೆಯಲ್ಲಿ ಮಗುವನ್ನು ಕಟ್ಟಿಕೊಳ್ಳುವ ಕಲೆ. ಒಂದು ದಿನದ ಶಿಬಿರ” ಎಂದು ಟೈಪು ಮಾಡಿದೆ. ಯಾವ ಹಿರಿಯರು ಎಂದು ಕೇಳಲಿಲ್ಲ. ಆ ಹಿರಿಯರ ಮಗಳು ಆ ಹೊತ್ತಿಗೆ ಕೆಳಗೆ ಗಂಜಿ ಕಲಸುತ್ತಿದ್ದಳು.

ಶಿಬಿರಕ್ಕೆ ಪ್ರಮಾಣಪತ್ರವುಳ್ಳ ತರಬೇತಿಯಮ್ಮನೊಬ್ಬಳು ನೇಮಕವಾದಳು. ನಾಲ್ಕು ಪಟ್ಟಿಗಳ, ಹೂವಿನ ಚಿತ್ತಾರದ ಇಪ್ಪತ್ತು ಹೊಸ ಬಟ್ಟೆಗಳು ಬಂದವು. ಡಾಕ್ಟರಮ್ಮನ ಶುಚಿತ್ವದ ನಿಯಮ ಕಲ್ಲಿನಲ್ಲಿ ಕೆತ್ತಿದ್ದು: ಆಸ್ಪತ್ರೆಯೊಳಗೆ ಬರುವ ಯಾವುದೇ ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿಯಾಗಿಯೇ ಮೇಲೆ ಹೋಗಬೇಕು. ಪರದೆಗೂ ಅದೇ, ಕರವಸ್ತ್ರಕ್ಕೂ ಅದೇ.

ಬಟ್ಟೆಗಳ ಲೆಕ್ಕದ ಚೀಟಿಗೆ ರುಜು ಹಾಕಿಸಲು ನಾನು ಕೆಳಗೆ ಹೋಗಿದ್ದೆ. ಗಂಟಿನವಳು ಒಂದು ಬಟ್ಟೆಯನ್ನು ಎತ್ತಿ ಪಟ್ಟಿಯನ್ನು ಬೆರಳಿನಲ್ಲಿ ಹೊಸೆದು ನೋಡಿದಳು.

“ಸಾರ್, ಇದಕ್ಕೆ ಗಂಜಿ ಬೇಡ” ಎಂದಳು ಇಸ್ತ್ರಿ ಸಾಹೇಬನಿಗೆ. “ಹೊಸಾ ಬಟ್ಟೆ ಮೊದ್ಲೇ ಬಿರುಸು. ಗಂಜಿ ಹಾಕಿದ್ರೆ ಗಂಟು ಕೂರಲ್ಲ, ಜಾರುತ್ತೆ. ಮಗು ಕಟ್ಟೋ ಬಟ್ಟೆ ಇದು.”

“ನೀನು ಯಾವ ಕಾಲೇಜಲ್ಲಿ ಓದಿದ್ದು?”

“ಓದಿಲ್ಲ ಸಾರ್. ಕಟ್ಟಿದೀನಿ.”

“ನಿಯಮ ಅಂದ್ರೆ ನಿಯಮ. ಹಾಕು. ಗಟ್ಟಿಯಾಗೇ ಹಾಕು, ದೊಡ್ಡವರ ಕಾರ್ಯಕ್ರಮ.”

ಅಜ್ಜಿ ಇಸ್ತ್ರಿ ಒತ್ತುತ್ತಲೇ ಹೇಳಿದಳು: “ಹಾಕ್ಬಿಡೇ ತಾಯಿ. ಅವ್ರ ಪ್ಯಾಂಟ್ ಜಾರ್ದೆ ನಿಂತಿರೋದೂ ಗಂಜಿಯಿಂದ್ಲೇ. ಅವ್ರಿಗೆ ಗಂಜಿ ಮೇಲೆ ಭಕ್ತಿ.”

ಎಂಟು ಹೆಂಗಸರೂ ನಕ್ಕರು. ನಾನು ನಗಲಿಲ್ಲ. ಅವಳು ಹೇಳಿದ್ದು ನನಗೂ ಕೇಳಿಸಿತ್ತು. ಮೇಲೆ ಹೋಗಿ ಡಾಕ್ಟರಮ್ಮನಿಗೆ ಹೇಳಬಹುದಿತ್ತು. ಅದು ನನ್ನ ವಿಭಾಗವಲ್ಲ ಎಂದುಕೊಂಡೆ. ನನ್ನಂಥವರ ಬೆನ್ನುಮೂಳೆಗೂ ಹಾಕುವ ಗಂಜಿಯೊಂದಿದ್ದಿದ್ದರೆ ಒಳ್ಳೆಯದಿತ್ತು.

ಶಿಬಿರದ ದಿನ ಮೇಲಿನ ಸಭಾಂಗಣದಲ್ಲಿ ಇಪ್ಪತ್ತು ತಾಯಂದಿರು ಸಾಲಾಗಿ ಕುರ್ಚಿಗಳಲ್ಲಿ ಕೂತಿದ್ದರು. ಬಟ್ಟೆಗಳು ಹಪ್ಪಳದಂತೆ ಗರಿಗರಿಯಾಗಿದ್ದವು. ಅವುಗಳನ್ನು ಹೊತ್ತು ತಂದ ಗಂಟಿನವಳನ್ನು, ಮತ್ತೆ ಕೆಳಗೊಯ್ಯಲು ಬೇಕಾದಾಳು ಎಂದು, ವೇದಿಕೆಯ ಮಗ್ಗುಲ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ನಾನು ಹಾಜರಿ ಬರೆಯುತ್ತ ಬಾಗಿಲ ಬಳಿ ಇದ್ದೆ. ಇಸ್ತ್ರಿ ಸಾಹೇಬ ನನ್ನ ಪಕ್ಕದಲ್ಲಿದ್ದ.

ತರಬೇತಿಯಮ್ಮ ಅರ್ಧ ಗಂಟೆ ಭಾಷಣ ಮಾಡಿದಳು. ಬಟ್ಟೆಯಲ್ಲಿ ಕಟ್ಟಿದ ಮಗುವಿಗೆ ತಾಯಿಯ ಎದೆಬಡಿತ ಕೇಳುತ್ತದಂತೆ. ಬುಟ್ಟಿಯಲ್ಲಿ, ತೊಟ್ಟಿಲಲ್ಲಿ ಬಹಳ ಹೊತ್ತು ಬಿಟ್ಟ ಮಗುವಿನ ಮನಸ್ಸು ಮುದುಡುತ್ತದಂತೆ. ಆ ಮಾತಿಗೆ ದೊಡ್ಡ ಡಾಕ್ಟರಮ್ಮ ಜೋರಾಗಿ ತಲೆಯಾಡಿಸಿದರು. ಗೋಡೆಗೊರಗಿದ್ದವಳು ನೆಲ ನೋಡುತ್ತಿದ್ದಳು.

ಮೊದಲು ಗೊಂಬೆ. ತರಬೇತಿಯಮ್ಮ ಅದನ್ನು ಎದೆಗೊರಗಿಸಿ, ಪಟ್ಟಿ ಸುತ್ತಿ, ಸೊಂಟದ ಹಿಂದೆ ಗಂಟು ಹಾಕಿ, “ನೋಡಿ, ಎರಡೂ ಕೈ ಈಗ ಸ್ವತಂತ್ರ” ಎಂದು ಕೈಗಳನ್ನು ರೆಕ್ಕೆಯಂತೆ ಹರಡಿದಳು. ಗೊಂಬೆಯೂ ಸ್ವತಂತ್ರವಾಗಿ ನೆಲಕ್ಕೆ ಬಿತ್ತು. ಅದರ ತಲೆ ಕಳಚಿ ಮುಂದಿನ ಸಾಲಿನವರ ಕಾಲಬಳಿ ಉರುಳಿತು.

“ಇದಕ್ಕೇ ನಾವು ಗೊಂಬೆಯಿಂದ ಶುರು ಮಾಡೋದು” ಎಂದಳು ತರಬೇತಿಯಮ್ಮ. ಎಲ್ಲರೂ ಸಭ್ಯವಾಗಿ ನಕ್ಕರು.

“ಮೇಡಂ” ಎಂದಳು ಗೋಡೆಯ ಬಳಿಯವಳು. “ಬಟ್ಟೆಗೆ ಗಂಜಿ ಹಾಕಿದೆ. ಗಂಟು ನಿಲ್ಲಲ್ಲ.”

ದೊಡ್ಡ ಡಾಕ್ಟರಮ್ಮ ಅವಳತ್ತ ತಿರುಗಲಿಲ್ಲ. “ಕೇಳಿದಾಗ ಮಾತಾಡು” ಎಂದರು ಗಾಳಿಗೆ.

ಮುಂದಿನದು ಚಿತ್ರ ತೆಗೆಯುವ ಕಾರ್ಯಕ್ರಮ. ಡಾಕ್ಟರಮ್ಮನ ಸೊಸೆ ಮೂರು ತಿಂಗಳ ಮಗುವಿನೊಂದಿಗೆ ವೇದಿಕೆಗೆ ಬಂದಳು. ತರಬೇತಿಯಮ್ಮ ಈ ಬಾರಿ ಎರಡು ಗಂಟು ಹಾಕಿದಳು. ಒಂದು ಜಾರುವುದಾದರೆ ಎರಡೂ ಜಾರುತ್ತವೆ ಎಂಬುದು ಪ್ರಮಾಣಪತ್ರದಲ್ಲಿ ಇರಲಿಲ್ಲ. ಸೊಸೆ ನಕ್ಕಳು. ಛಾಯಾಗ್ರಾಹಕ ಕೈಗಳನ್ನು ಬಿಡಿಸಿ ಹರಡಲು ಹೇಳಿದ. ಅವಳು ಹರಡಿದಳು.

ಎಲ್ಲರೂ ಸೊಸೆಯ ಮುಖ ನೋಡುತ್ತಿದ್ದರು. ಒಬ್ಬಳು ಮಾತ್ರ ಸೊಂಟದ ಹಿಂದಿನ ಗಂಟನ್ನು ನೋಡುತ್ತಿದ್ದಳು. ಬಿರುಸಾದ ಪಟ್ಟಿ ಗಂಟಿನೊಳಗೆ ಹುಳುವಿನಂತೆ ತೆವಳುತ್ತಿತ್ತು. ಅವಳು ಯಾರನ್ನೂ ಕೇಳಲಿಲ್ಲ. ಕುರ್ಚಿಗಳ ನಡುವೆ ನುಗ್ಗಿದಳು. ಒಂದು ಕುರ್ಚಿ ಉರುಳಿತು. ಗಂಟು ಬಿಚ್ಚಿಕೊಂಡದ್ದೂ ಅವಳ ಎರಡು ಅಂಗೈಗಳು ಮಗುವಿನ ಕೆಳಗೆ ಬಂದದ್ದೂ ಒಂದೇ ಕ್ಷಣ. ಮಗುವಿನ ತಲೆ ಅವಳ ಮೊಣಕೈಗೆ ಬಂದು ನಿಂತಿತು. ಗಂಜಿಯಲ್ಲಿ ಬೆಂದು ಒಡೆದ ಆ ಕೈಗಳ ಮೇಲೆ ಮಗು ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಕಿರುಚಿತು.

ಇಂಥ ಹೊತ್ತಿನಲ್ಲಿ ಮನುಷ್ಯರು ಕೃತಜ್ಞತೆ ಹೇಳುತ್ತಾರೆಂದು ನಾನು ಶಾಲೆಯಲ್ಲಿ ಓದಿದ್ದೆ.

“ಯಾರು ಇದಕ್ಕೆ ಗಂಜಿ ಹಾಕಿದ್ದು?” ಎಂದರು ದೊಡ್ಡ ಡಾಕ್ಟರಮ್ಮ.

“ಇವಳೇ ಮೇಡಂ” ಎಂದ ಇಸ್ತ್ರಿ ಸಾಹೇಬ, ಉಸಿರು ಬಿಡುವ ಮೊದಲೇ.

“ಹೌದು, ಹಾಕಿದ್ದು ನಾನೇ” ಎಂದಳು ಅವಳು, ಮಗುವನ್ನು ಸೊಸೆಯ ತೋಳಿಗೆ ಕೊಡುತ್ತ. “ಬೇಡ ಅಂದಿದ್ದೂ ನಾನೇ. ಸಾರ್ ಇದ್ರು, ರೈಟರಣ್ಣ ಇದ್ರು. ಕೇಳಿ.”

ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ತಾಯಂದಿರಲ್ಲಿ ಗುಸುಗುಸು ಎದ್ದಿತು. ಒಂದಿಬ್ಬರು ಚೀಲ ಎತ್ತಿಕೊಂಡರು. ಕಾರ್ಯಕ್ರಮ ಕೈತಪ್ಪುತ್ತಿತ್ತು. ಡಾಕ್ಟರಮ್ಮನ ಕಣ್ಣು ಗಂಟಿನವಳ ಸೊಂಟಕ್ಕೆ ಹೋಯಿತು. ಅಲ್ಲಿ ಬಣ್ಣಗೆಟ್ಟ ಬಟ್ಟೆ ಸುತ್ತಿತ್ತು. ಅವರ ಧ್ವನಿ ಬೆಣ್ಣೆಯಾಯಿತು.

“ನೋಡಮ್ಮಾ, ಅದು ಅದೇ ಬಟ್ಟೆ ಅಲ್ವಾ? ಗಂಜಿ ಇಲ್ಲ ತಾನೆ? ಬಿಚ್ಚಿ ಕೊಡು. ಹಳೇದಾದ್ರೂ ಪರವಾಗಿಲ್ಲ, ಫೋಟೋದಲ್ಲಿ ಒಂಥರಾ ಚೆನ್ನಾಗೇ ಕಾಣುತ್ತೆ.”

“ಕೊಡಲ್ಲ” ಎಂದಳು.

“ಏನಂದೆ?”

“ಕೊಡಲ್ಲ ಅಂದೆ.”

“ಒಂದು ಗಂಟೆ ಮಟ್ಟಿಗೆ ಕೇಳ್ತಿರೋದು. ಇಟ್ಕೊಳಲ್ಲ.”

“ಏಳು ವಾರದಿಂದ ಇಟ್ಕೊಂಡಿದೀರಲ್ಲ ಮೇಡಂ.” ಅವಳ ಧ್ವನಿ ಏರಲಿಲ್ಲ. “ಇದು ನನ್ನ ಮಗೂದು. ಅದು ಬುಟ್ಟಿಲಿದೆ. ಬುಟ್ಟಿಲಿಟ್ರೆ ಮನಸ್ಸು ಮುದುಡುತ್ತೆ ಅಂತ ಈಗಷ್ಟೇ ಹೇಳಿದ್ರು, ನೀವೂ ತಲೆ ಆಡಿಸಿದ್ರಿ. ಮಗೂನ ಹಕ್ಕು ಅಂತ ಅಚ್ಚು ಹಾಕ್ಸಿದೀರಿ. ಯಾವ ಅಂತಸ್ತಿನ ಮಗೂದು ಅಂತ ಅದರಲ್ಲಿ ಬರೆದಿಲ್ಲ. ನಾನು ಎರಡು ಸಲ ಓದ್ದೆ.”

ಅವಳು ಹೊರಟಳು. ಉರುಳಿಸಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿಯೇ ಹೊರಟಳು.

“ಹೋಗಿ ಆ ಬಟ್ಟೆ ತಗೊಂಡ್ಬಾ” ಎಂದು ಡಾಕ್ಟರಮ್ಮ ನನ್ನನ್ನು ಅಟ್ಟಿದರು. ನಾನು ಹಿಂದೆಯೇ ಇಳಿದೆ. ನೆಲಮಾಳಿಗೆಯಲ್ಲಿ ಅವಳು ಆಗಲೇ ಬುಟ್ಟಿಯ ಬಳಿ ಮಂಡಿಯೂರಿದ್ದಳು. ಅತ್ತು ಅತ್ತು ಮಗುವಿನ ಗಂಟಲು ಒಡೆದಿತ್ತು. ಹಾಲು ಕೊಟ್ಟಳು. ನಾನು ಗೋಡೆಯ ಕಡೆ ತಿರುಗಿ ನಿಂತೆ. ಆಮೇಲೆ ಅವಳು ಮುಂದಕ್ಕೆ ಬಾಗಿದಳು, ಅಜ್ಜಿ ಮಗುವನ್ನು ಬೆನ್ನ ಮೇಲಿಟ್ಟಳು, ಪಟ್ಟಿ ಹೆಗಲು ದಾಟಿತು, ಎದೆ ದಾಟಿತು, ತೊಡೆಯಡಿ ಬಂತು. ಗಂಟು ಕೂತಿತು. ಅವಳು ಒಮ್ಮೆ ಮೈ ಕೊಡವಿ ನೋಡಿದಳು. ಮಗು ಅಲುಗಲಿಲ್ಲ.

“ಏನ್ ರೈಟರಣ್ಣ, ಬಟ್ಟೆ ಬೇಕಿತ್ತಾ?” ಎಂದಳು ಅಜ್ಜಿ. “ಬಿಚ್ಕೊಂಡು ಹೋಗು. ಬರಿಯೋ ಕೈಯಲ್ಲಿ ಬಿಚ್ಚಕ್ಕೆ ಬರುತ್ತೇನೋ ನೋಡೋಣ.”

ನಾನು ಬರಿಗೈಯಲ್ಲಿ ಮೆಟ್ಟಿಲು ಹತ್ತಿದೆ. ಎದುರಿಗೆ ಡಾಕ್ಟರಮ್ಮನ ಸೊಸೆ ಒಂದು ತೋಳಲ್ಲಿ ಮಗು, ಇನ್ನೊಂದರಲ್ಲಿ ಗರಿಗರಿ ಬಟ್ಟೆ ಹಿಡಿದು ಇಳಿಯುತ್ತಿದ್ದಳು. ಆ ಮನೆತನದವರು ಒಬ್ಬರೇ ಆ ಮೆಟ್ಟಿಲು ಇಳಿದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮೇಲೆ ಅವಳನ್ನು ಕೆಲಸದಿಂದ ತೆಗೆಯುವ ಪತ್ರ ಟೈಪಾಗಲು ಕಾದಿತ್ತು. “ಕಾರಣ ಏನಂತ ಬರೀಲಿ ಮೇಡಂ?” ಎಂದೆ.

“ಏನಾದ್ರೂ ಬರಿ. ಅಶಿಸ್ತು ಅಂತ ಬರಿ. ನಿಂಗೆ ಗೊತ್ತಲ್ಲ.”

ನನಗೆ ಗೊತ್ತಿತ್ತು. ಹನ್ನೆರಡು ವರ್ಷದಿಂದ ಅಶಿಸ್ತು ಎಂಬ ಪದವನ್ನು ಗೋಣಿತಾಟಿನಂತೆ ಎಲ್ಲದರ ಮೇಲೂ ಹೊದಿಸಿದ್ದೇನೆ. ಆ ದಿನ ಮೊದಲ ಬಾರಿ ನಡೆದದ್ದನ್ನು ನಡೆದಂತೆ ಟೈಪು ಮಾಡಿದೆ. ಅವರು ಎಂದಿನಂತೆ ಓದದೆ ಸಹಿ ಹಾಕಿದರು. ಇದು ಧೈರ್ಯವೆಂದು ಯಾರೂ ತಿಳಿಯಬೇಕಾಗಿಲ್ಲ. ಪತ್ರವನ್ನು ಕೈಗೆ ಕೊಡಬೇಕಾದದ್ದು ಇಸ್ತ್ರಿ ಸಾಹೇಬ. ನಾನು ಬರೀ ಸಾಕ್ಷಿ.

ನಾವಿಬ್ಬರೂ ಇಳಿದಾಗ ಸೊಸೆ ತೊಟ್ಟಿಯ ಮುಂದೆ ಅಂಗಿಯ ತೋಳು ಮೇಲಕ್ಕೆ ಮಡಚಿ, ಆ ಗರಿಗರಿ ಬಟ್ಟೆಯನ್ನು ಉಜ್ಜುತ್ತ ನಿಂತಿದ್ದಳು. ಅವಳ ಮಗು ಅಜ್ಜಿಯ ಸೊಂಟದ ಮೇಲಿತ್ತು. ಗಂಟಿನವಳು ಬಾನಿಯಲ್ಲಿ ಚಾದರ ಅದ್ದುತ್ತಲೇ ಪಾಠ ಹೇಳುತ್ತಿದ್ದಳು.

“ಇನ್ನೂ ಉಜ್ಜಿ ಅಮ್ಮಾ. ಗಂಜಿ ಒಂದೇ ಸಲಕ್ಕೆ ಹೋಗಲ್ಲ. ಮೂರು ನೀರು ಆಗ್ಬೇಕು.”

“ಕೈ ಉರಿಯುತ್ತೆ” ಎಂದಳು ಸೊಸೆ.

“ಉರಿಯುತ್ತೆ” ಎಂದು ಒಪ್ಪಿದಳು ಅವಳು. “ಎರಡು ವರ್ಷ ಆದ್ಮೇಲೆ ಗೊತ್ತಾಗಲ್ಲ.”

ಇಸ್ತ್ರಿ ಸಾಹೇಬ ಕೆಮ್ಮಿದ. ಯಂತ್ರಗಳ ಸದ್ದಿನಲ್ಲಿ ಕೆಮ್ಮು ಯಾರಿಗೂ ಕೇಳಿಸಲಿಲ್ಲ. ಅವನು ಮುಂದೆ ಹೋಗಿ ಪತ್ರ ಚಾಚಿದ. “ಸಹಿ ಹಾಕಿ ತಗೋ.”

“ಕೈ ಗಂಜಿ ಆಗಿದೆ ಸಾರ್. ನೀವೇ ಓದಿ.”

ಅವನು ಕಾಗದ ಬಿಡಿಸಿ ಕೂಗಿದ: “ಈ ಮೂಲಕ ತಮಗೆ ತಿಳಿಸುವುದೇನೆಂದರೆ...”

“ಮೆಲ್ಲಗೆ ಓದಿ ಸಾರ್. ಮಗು ಮಲಗಿದೆ.”

ಅವನು ಮೆಲ್ಲಗೆ ಓದಿದ. ಓದುತ್ತ ಓದುತ್ತ ಇನ್ನೂ ಮೆಲ್ಲಗಾದ. “ಕೆಲಸದ ವೇಳೆಯಲ್ಲಿ, ಹೆತ್ತ ಮಗುವನ್ನು, ಬಟ್ಟೆಯಿಂದ ಮೈಗೆ ಕಟ್ಟಿಕೊಂಡ ಕಾರಣಕ್ಕಾಗಿ...” ಅಲ್ಲಿ ನಿಂತು ನನ್ನನ್ನು ನುಂಗುವಂತೆ ನೋಡಿದ. ಒದ್ದೆ ಬಟ್ಟೆ ಹಿಂಡುತ್ತಿದ್ದ ಸೊಸೆ ಹಿಂಡುವುದನ್ನು ನಿಲ್ಲಿಸಿದ್ದಳು.

“ಅತ್ತೆ ಸಹಿ ಹಾಕಿದಾರಾ ಇದಕ್ಕೆ?” ಎಂದಳು.

“ಹಾಕಿದಾರಮ್ಮಾ.”

ಅವಳು ತನ್ನ ಕೆಂಪಾದ ಕೈಗಳನ್ನು ನೋಡಿಕೊಂಡಳು. ಅವಳಿಂದ ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಅಜ್ಜಿ ಆ ಮಗುವನ್ನು ಅವಳ ತೋಳಿಗೆ ಕೊಟ್ಟಳು. ತನ್ನ ಮೇಜಿಗೆ ಹೋಗಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು.

“ಏನಜ್ಜಿ ಇದು?” ಎಂದ ಇಸ್ತ್ರಿ ಸಾಹೇಬ.

“ಚಾದರ ಸುಟ್ಟೋಗುತ್ತೆ ಸಾರ್, ನಂಗೆ ಭಯ. ಹೋದ್ಸಲ ಒಂದು ಸುಟ್ಟು ವಿವರಣೆ ಬರ್ಕೊಟ್ಟಿದೀನಿ.”

ಪಕ್ಕದ ಮೇಜಿನವಳೂ ಆರಿಸಿದಳು. ಅದರ ಪಕ್ಕದವಳೂ. ಒಗೆಯುವ ಯಂತ್ರದ ಬಳಿಯಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಗುಂಡಿ ಒತ್ತಿದರು. ದೊಡ್ಡ ಯಂತ್ರ ಗೊರಗೊರ ಎಂದು ಎರಡು ಸುತ್ತು ತಿರುಗಿ, ಹೊಟ್ಟೆ ತುಂಬ ಮೇಲಿನ ಅಂತಸ್ತಿನ ಚಾದರಗಳನ್ನಿಟ್ಟುಕೊಂಡು ನಿಂತಿತು.

“ಮೇಲೆ ಆಪರೇಷನ್ ಇದೆ, ಬಟ್ಟೆ ಬೇಕು” ಎಂದ ಅವನು. ಈಗ ಅವನ ದನಿಯಲ್ಲಿ ಗಂಜಿ ಇರಲಿಲ್ಲ.

“ಆಪರೇಷನ್ನಿಂದು ಬೆಳಿಗ್ಗೇನೇ ಕಳಿಸಿದೀವಿ ಸಾರ್. ಯಾರ ಹೊಟ್ಟೆ ಮೇಲೂ ನಾವು ಹೊಡೆಯಲ್ಲ” ಎಂದಳು ಗಂಟಿನವಳು. “ನಾಳೆದು ನಾಳೆ ನೋಡೋಣ. ಆ ಕಾಗದ ತಗೊಂಡು ಮೇಲೆ ಹೋಗಿ. ಸಹಿ ಆಗ್ಲಿಲ್ಲ ಅನ್ನಿ.”

ಅವನು ಹೋದ. ನಾನೂ ಹೋಗಬೇಕಿತ್ತು, ಹೋಗದೆ ಅಲ್ಲೇ ನಿಂತೆ. ಅಷ್ಟು ವರ್ಷಗಳಲ್ಲಿ ನೆಲಮಾಳಿಗೆ ಹಗಲು ಹೊತ್ತು ಮೌನವಾದದ್ದನ್ನು ನಾನು ಕೇಳಿರಲಿಲ್ಲ. ತಂತಿಯ ಮೇಲಿನ ಚಾದರದಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

ಯಂತ್ರಗಳ ಗದ್ದಲದಲ್ಲಿ ನೆಮ್ಮದಿಯಾಗಿ ಮಲಗಿದ್ದ ಮಗು ಆ ಮೌನಕ್ಕೆ ಬೆಚ್ಚಿ ಎದ್ದಿತು. ಮುಖ ಕಿವುಚಿ ಅಳಲು ಶುರುಮಾಡಿತು. ಗಂಟಿನವಳು ಕೈ ಹಿಂದಕ್ಕೊಯ್ದು ಅದರ ಕುಂಡೆ ತಟ್ಟುತ್ತ, ನಿಂತಲ್ಲೇ ಅತ್ತಿಂದಿತ್ತ ತೂಗಿದಳು.

“ಏನಿಲ್ಲ ಕಣೇ ಪುಟ್ಟಿ. ಮಿಷಿನ್ನು ಕೆಟ್ಟಿಲ್ಲ. ನಾವೇ ನಿಲ್ಸಿದ್ದು.”